ಚರಂತಯ್ಯನಿಗೆ ಲೋಕ ಕರಗಿದ್ದು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಅಡವಯ್ಯಜ್ಜ ಎಂಬ ಗುರು, ಚರಂತಯ್ಯ ಎಂಬ ಶಿಷ್ಯ.

ಸುಣ್ಣ ಬಳಿದ ಗೋಡೆಯ ಮೇಲೆ ಅಜ್ಜ ಹೆಬ್ಬೆರಳಿನಿಂದ ಒಂದು ಮಸಿಯ ಚುಕ್ಕೆ ಇಟ್ಟು, "ಇದನ್ನ ನೋಡ್ತಾ ಕುಂದ್ರು" ಅಂದಿದ್ದರು. ಚರಂತಯ್ಯ ಎರಡು ವರ್ಷ ನೋಡಿದ. ಹಟವಾದಿ ಮನುಷ್ಯ, ರೆಪ್ಪೆ ಮಿಟುಕಿಸುವುದರಲ್ಲೂ ಜಿಪುಣ.

ಒಂದು ಬೆಳಿಗ್ಗೆ ಅಜ್ಜನ ಬಳಿಗೆ ಓಡಿ ಬಂದ.

"ಅಜ್ಜಾರ, ಲೋಕ ಕರಗಿ ಹೋತ್ರಿ!"

"ಹೌದಾ? ಏನೇನು ಹೋತು?"

"ಚುಕ್ಕಿ ಸುತ್ತ ಇದ್ದದ್ದೆಲ್ಲಾ ಹೋತ್ರಿ. ಗ್ವಾಡಿ ಮ್ಯಾಲಿನ ಅರಿಷಿಣದ ಕೈಗುರುತು ಹೋತು. ಗೂಟಕ್ಕ ಹಾಕಿದ ನಿಮ್ಮ ಶಾಲು ಹೋತು. ನಾಕು ದಿನದಿಂದ ಹಿಂಗ ಆಗಾಕತ್ತೈತಿ. ನನಗ ಮಾಯೆ ಹರೀತು."

"ಮತ್ತ ಹೊರಗ ಬೇವಿನ ಗಿಡದ ಕೆಳಗ ಚಕ್ಕಡಿ ನಿಂತೈತಲ್ಲ, ಅದು ಯಾರದು?"

ಚರಂತಯ್ಯ ತಲೆ ತಗ್ಗಿಸಿದ. ಅವನ ಹುಟ್ಟೂರಿನ ಮಠದ ಗದ್ದುಗೆ ವರ್ಷದಿಂದ ಖಾಲಿ ಇತ್ತು. ತನಗೆ ಸಿದ್ಧಿಯಾಯಿತೆಂದು ಅವನೇ ಊರಿಗೆ ಹೇಳಿ ಕಳಿಸಿದ್ದ. ಗುರುವಿಗಿಂತ ಮೊದಲು ಊರಿಗೆ ಸುದ್ದಿ ಮುಟ್ಟಿತ್ತು. ಅವನನ್ನು ಗದ್ದುಗೆಗೆ ಏರಿಸಲು ಊರ ಹಿರಿಯ ಸೋಮನಗೌಡರು ಎತ್ತಿನ ಚಕ್ಕಡಿ ಹೂಡಿಕೊಂಡು ಬಂದೇಬಿಟ್ಟಿದ್ದರು. ಅಜ್ಜ ಒಮ್ಮೆ ಹೂಂ ಅನ್ನುವುದಷ್ಟೇ ಬಾಕಿ.

"ನಡಿ, ನನ್ನ ಮುಂದ ಒಮ್ಮೆ ಕರಗಿಸು" ಅಂದರು ಅಜ್ಜ.

ಚರಂತಯ್ಯ ಚುಕ್ಕೆಗೆ ಕಣ್ಣು ನೆಟ್ಟು ಕುಳಿತ. ಸ್ವಲ್ಪ ಹೊತ್ತಾಯಿತು.

"ಹೋತ್ರಿ ಅಜ್ಜಾರ. ಶಾಲು ಇಲ್ಲ."

ಅಜ್ಜ ಶಾಲಿನ ಅಂಚನ್ನು ಒಂದಿಷ್ಟು ಅಲುಗಿಸಿದರು.

"ಅಯ್ಯ, ಬಂತ್ರಿ!"

ಮತ್ತೆ ಕುಳಿತ. ಮತ್ತೆ ಎಲ್ಲ ಹೋಯಿತು. ಈ ಸಲ ಅಜ್ಜ ಅವನ ಪಕ್ಕದಲ್ಲಿ ನಿಂತು ಕಿರುಬೆರಳೊಂದನ್ನು ಮಡಿಸಿದರು, ಅಷ್ಟೇ.

"ನಿಮ್ಮ ಬೆರಳು ಅಳ್ಳಾಡ್ತು" ಅಂದ ಚರಂತಯ್ಯ, ಚುಕ್ಕೆಯಿಂದ ಕಣ್ಣು ಕೀಳದೆ.

ಅಜ್ಜನಿಗೆ ಖುಷಿಯೋ ಖುಷಿ. "ಭಲೇ! ನೀ ನೋಡಿಲ್ಲ, ನಿನ್ನ ಕಣ್ಣು ನೋಡೇತಿ!"

"ಅಂದ್ರ ಸಿದ್ಧಿ ಆಗೇತಿ ಅಂತೀರೇನ್ರಿ?"

"ಆಗೇತಿ. ಮೂಗಿಗೂ ಆಗೇತಿ. ಇಲ್ಲಿಗೆ ಬಂದಾಗ ದನದ ಮನಿ ವಾಸನಿ ತಡೀಲಾರದ ಮೂರು ದಿನ ಮೂಗಿಗೆ ಅರಿವಿ ಕಟ್ಟಿಕೊಂಡಿದ್ದಿ. ಈಗ ಆ ವಾಸನಿ ಎಲ್ಲೈತಿ?"

ಚರಂತಯ್ಯ ಉಸಿರೆಳೆದು ನೋಡಿದ. ಗೋಡೆಯಾಚೆ ಹನ್ನೆರಡು ದನಗಳಿದ್ದವು. ವಾಸನೆ ಮಾತ್ರ ಇರಲಿಲ್ಲ.

"ಕುತ್ತಿಗಿಗೂ ಆಗೇತಿ. ಕಂಬಳಿ ಚುಚ್ಚತೈತಿ ಅಂತ ಗೋಳಾಡಿದ್ದಿ. ಈಗ ಅದು ಹೆಗಲ ಮ್ಯಾಲೆ ಐತೋ ಇಲ್ಲೋ?"

ಅವನು ಮುಟ್ಟಿ ನೋಡಿಕೊಂಡ. ಇತ್ತು.

"ಹಂಗಾದ್ರ ನಲವತ್ತು ವರ್ಷ ಸಗಣಿ ಬಾಚಿದ ನಮ್ಮ ಯಮನಪ್ಪಗ ಮೊದಲ ಗದ್ದಿಗಿ ಆಗಬೇಕು ನೋಡು."

ಚರಂತಯ್ಯನ ಮುಖ ಸಣ್ಣದಾಯಿತು. "ಎರಡು ವರ್ಷ ನೀರುಪಾಲಾತಲ್ರಿ ಅಜ್ಜಾರ."

"ಯಾಕೋ? ನಿನ್ನ ಕಣ್ಣು-ಮೂಗಿನಂಥಾ ಆಳು ಯಾವ ರಾಜನ ಹತ್ರ ಐತಿ? ಕುಂತದ್ದನ್ನ ಕುಂದ್ರಾಕ ಬಿಟ್ಟು, ಹೊಸದಾಗಿ ಬರೋದಕ್ಕ ಬಾಗಿಲಾ ಕಾಯ್ತೈತಿ. ನಿನ್ನ ಮೂಗು ದನದ ವಾಸನೀನ ಹೊತ್ತುಕೊಂಡು ಕುಂತಿದ್ರ, ನಾಳೆ ಹುಲ್ಲಿನ ಬಣವಿಗೆ ಬೆಂಕಿ ಬಿದ್ರ ಹೊಗಿ ಹೆಂಗ ತಿಳೀಬೇಕು? ಇದನ್ನ ನಾ ಕಲಿಸಿಲ್ಲ, ನೀ ಕಲಿತಿಲ್ಲ. ಕೂಸಿದ್ದಾಗಿಂದ ಸುಮ್ಮನ ಮಾಡಾಕತ್ತೈತಿ. ಕೈ ಮುಗಿ ಅದಕ್ಕ."

ಚರಂತಯ್ಯ ನಿಜವಾಗಿಯೂ ಕೈ ಮುಗಿದ. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಕಣ್ಣಿನ ಬಗ್ಗೆ ಬೆರಗಾಯಿತು, ತನ್ನ ಬಗ್ಗೆ ನಾಚಿಕೆಯಾಯಿತು. ಎದ್ದು ಹೊರಗೆ ಹೋದ. ಅಜ್ಜನೂ ಹಿಂದೆಯೇ ಬಂದರು.

"ಗೌಡ್ರ, ನಾ ತಪ್ಪು ಹೇಳಿ ಕಳಿಸಿದ್ದೆ. ಲೋಕ ಎಲ್ಲೂ ಹೋಗಿಲ್ಲ. ನನ್ನ ಕಣ್ಣಿಗೆ ರೂಢಿ ಆಗಿತ್ತು, ಅಷ್ಟ. ಚಕ್ಕಡಿ ತಿರುಗಿಸ್ರಿ."

ಸೋಮನಗೌಡರು ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿಕೊಂಡರು.

"ತಮ್ಮ ತಪ್ಪು ತಾವ ಹೇಳೋ ಸ್ವಾಮಿಗಳು ನಮಗ ಬ್ಯಾರೆ ಎಲ್ಲಿ ಸಿಗಬೇಕ್ರಿ?" ಅಂದವರೇ ಅವನ ಕಾಲಿಗೆ ಬಿದ್ದರು.

ಚರಂತಯ್ಯ ಕಾದ ಹಂಚು ತುಳಿದವನಂತೆ ಹಿಂದಕ್ಕೆ ಹಾರಿದ. ಕಿವಿಯೆಲ್ಲ ಕೆಂಪಾಯಿತು.

"ಬ್ಯಾಡ್ರಿ, ಬ್ಯಾಡ್ರಿ! ಅಜ್ಜಾರ, ನಾ ಒಲ್ಲೆ. ನೀವರ ಹೇಳ್ರಿ ಇವರಿಗೆ."

ಅಜ್ಜ ಅವನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು.

"ಹೋಗು. ಯಾರರ ಕಾಲಿಗೆ ಬಿದ್ದಾಗೆಲ್ಲಾ ಈ ಕಾಲು ಹಿಂದ ಸರೀತಿರೋ ತನಕ ಅಲ್ಲಿ ಕುಂದ್ರು. ಸರೀಲಿಲ್ಲ ಅಂದ್ರ ಅದಕ್ಕೂ ರೂಢಿ ಆತು ಅಂತ ತಿಳಿ, ಅವತ್ತ ಇಳದು ಬಾ."