ಕೌದಿಯ ಒಳಗಿನ ಕೆಂಪು

ಅಂದು ಬೆಳಿಗ್ಗೆ ಈರಭದ್ರ ಎಂದಿನಂತೆ ಆಶ್ರಮದ ಅಂಗಳ ಗುಡಿಸಿದ, ಹೂಗಿಡಗಳಿಗೆ ನೀರು ಹಾಕಿದ.

ಮಧ್ಯಾಹ್ನ ವೈದ್ಯರಿಂದ ರಕ್ತದ ವರದಿ ಬಂತು. ವಾರದಿಂದ ಅವನಿಗೆ ಬಂದು ಹೋಗುತ್ತಿದ್ದ ಜ್ವರ ಟೈಫಾಯ್ಡ್ ಆಗಿತ್ತು.

ಅವರು ಮಾತ್ರೆ ಕಳಿಸಿದ್ದರು, ಹೆದರಬೇಡ ಎಂದು ಹೇಳಿ ಕಳಿಸಿದ್ದರು. ಅವನು ಹೆದರಿದ. ಕೌದಿ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ. ಬಾಗಿಲು ಸರಿದರೂ ಬೆಚ್ಚಿಬೀಳುತ್ತಿದ್ದ.

ಗುರು ಗಿರಿಜವ್ವ ಬಂದು ಹಾಸಿಗೆಯ ಬಳಿ ಕುಳಿತರು. ಹಿಂದೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವರು.

“ಅವ್ವಾರ, ಆ ಕ್ರಿಮಿ ಈಗ ಎಲ್ಲಿ ಅದ?”

“ನಿನ್ನ ಜೀವಕೋಶದೊಳಗ. ಕೋಶದ ಪೊರೀಲೇ ಆದ ಒಂದು ಚೀಲದಾಗ ಕೂತದ. ಕೆಲವು ಆ ಚೀಲಾನೂ ಹರೀತಾವ.”

ಅವನು ಕೌದಿಯನ್ನು ಎದೆಗೆ ಎಳೆದುಕೊಂಡ. ಕ್ರಿಮಿ ಒಳಗೆ ಹೊಕ್ಕಿದ್ದು ಕೋಶಕ್ಕೆ ಹೇಗೆ ತಿಳಿಯುತ್ತದೆ ಎಂದು ಕೇಳಿದ.

ಗಿರಿಜವ್ವ ಕೌದಿಯ ಅಂಚು ಹಿಡಿದು ಪರ್ರನೆ ಹರಿದರು. ಒಳಪದರದ ಹಳೇ ಸೀರೆಯ ಕೆಂಪು ಕಂಡಿತು.

“ಹರೀತು ಅಂತ ಹೆಂಗ ಗೊತ್ತಾತು?”

“ಒಳಗಿನ ಕೆಂಪು ಹೊರಗ ಕಾಣ್ತದ.”

“ಕೋಶಕ್ಕೂ ಅಷ್ಟ. ಚೀಲದ ಒಳಮೈಗೆ ಸಕ್ಕರೆ ಅಂಟಿರ್ತದ. ಅದು ಹೊರಗ ಕಂಡ್ರ ಸಾಕು. ಎಷ್ಟೋ ಸಲ ವೈರಿಯ ಗುರುತು ಬೇಕಾಗೂದಿಲ್ಲ, ತನ್ನ ಹರಕು ಗೊತ್ತಾದ್ರ ಆತು.”

ಆಗ ಕೋಶ ಹಸಿದಂತೆ ವರ್ತಿಸುತ್ತದೆ ಎಂದರು. ತನ್ನದೇ ಪೊರೆಯಿಂದ ಕ್ರಿಮಿಯನ್ನೂ ಹರಿದ ಚೀಲವನ್ನೂ ಒಟ್ಟಿಗೆ ಸುತ್ತಿ ಜೀರ್ಣಿಸಿಕೊಳ್ಳುತ್ತದೆ.

“ಅಂದ್ರ ತನ್ನನ್ನ ತಾನೇ ತಿಂತದೇನ್ರಿ?”

“ಸ್ವಲ್ಪ. ಉಳೀಬೇಕಲ್ಲ.”

ಹಾಗಾದರೆ ಮಾತ್ರೆ ಯಾಕೆ ಎಂದು ಅವನು ಗೊಣಗಿದ. ಎಲ್ಲವನ್ನೂ ಹಿಡಿಯುವುದು ಕೋಶದಿಂದಾಗದು, ಮತ್ತು ಸಹಾಯ ಬೇಡ ಎನ್ನಲು ಅದು ನಿನ್ನಂತೆ ಹಟಮಾರಿಯಲ್ಲ ಎಂದು ಗದರಿ ಗಿರಿಜವ್ವ ಮಾತ್ರೆ ನುಂಗಿಸಿದರು.

ಅವನು ನೀರು ಕುಡಿದ. ಇನ್ನೂ ಒಂದು ಪ್ರಶ್ನೆ ಗಂಟಲಲ್ಲೇ ಇತ್ತು. ಆಶ್ರಮದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಗಿರಿಜವ್ವನ ಮಗಳು ಶಾಂಭವಿ ಹೋದ ಮಳೆಗಾಲದಲ್ಲಿ ಇದೇ ಜ್ವರದಿಂದ ತೀರಿಕೊಂಡಿದ್ದಳು.

“ಶಾಂಭವಿಯೊಳಗ,” ಎಂದ ಅವನು, ಮುಖ ನೋಡದೆ. “ಆಕಿಯೊಳಗ ಕೋಶಗಳು ಸುತ್ತಲಿಲ್ಲೇನ್ರಿ ಅವ್ವಾರ?”

ಗಿರಿಜವ್ವ ಖಾಲಿ ಲೋಟ ಎತ್ತಿಕೊಂಡರು.

“ಸುತ್ತಿದವು ತಮ್ಮಾ. ಕಡೀ ದಿನಾನೂ ಸುತ್ತಿದವು.”