ಚಿಕ್ಕೋಳು ಮಾಡಿದ ಕೋಸಿನ ಪಲ್ಯ

“ಗುರುವೇ, ಎಲೆಕೋಸಿಗೆ ಇನ್ನೇನು ಹಾಕಿದ್ರೆ ರುಚಿ ಬರುತ್ತೆ, ಅದೊಂದು ಹೇಳ್ಬಿಡಿ,” ಅಂದ ಗವಿರಂಗ.

ಇವನು ನನ್ನ ಶಿಷ್ಯ. ಮದ್ವೆ ಮನೆ ಅಡುಗೆ ನನ್ನ ಹತ್ರಾನೇ ಕಲ್ತೋನು. ಸಿರಾ ಸುತ್ತಮುತ್ತ ಈಗ ಇವನದೂ ಒಂದು ಹೆಸ್ರು ಐತೆ. ನನ್ನಷ್ಟಿಲ್ಲ. ನನ್ನಷ್ಟು ಯಾರಿಗೂ ಇಲ್ಲ ಬಿಡಿ. ನಾನು ಕೋಸಿನ ಪಲ್ಯ ಮಾಡಿದ ಮದ್ವೇಲಿ ಜನ ಹೋಳಿಗೆ ಪಕ್ಕಕ್ಕೆ ಸರಿಸಿ ಪಲ್ಯ ಕೇಳವ್ರೆ. ಇಸ್ಕೂಲು ಮೆಟ್ಟಿಲು ಹತ್ತಿದೋನಲ್ಲ ನಾನು. ಆದ್ರೆ ಒಲೆ ಮುಂದೆ ನನಗೆ ಪಾಠ ಹೇಳೋನು ಇನ್ನೂ ಹುಟ್ಟಿಲ್ಲ.

“ಯಾಕೋ? ಯಾವ ಮದ್ವೇಲಿ ನನ್ನ ಮಾನ ಕಳೆದು ಬಂದೆ?” ಅಂದೆ.

“ಮದ್ವೇಲಲ್ಲ ಗುರುವೇ, ಮನೇಲಿ. ಊರೆಲ್ಲ ತಿಂದು ಕೈ ನೆಕ್ಕುತ್ತೆ. ನನ್ನ ಹೆಂಡ್ತಿ ಮಾತ್ರ ಮುಟ್ಟಲ್ಲ. ಮದ್ವೆ ಮುಗಿದ ಮೇಲೆ ಮಿಕ್ಕ ಕೋಸು ಅಡುಗೆಯೋನ ಮನೆಗೆ ತಾನೆ ಬರೋದು? ನಾನೇ ಕೂತು ಮಾಡ್ತೀನಿ. ನಾನು ಮನೇಲಿದ್ರೆ ಅವಳಿಗೆ ಒಲೆ ಕಡೆ ಕೆಲಸಾನೇ ಇಲ್ಲ, ರಾಣಿ ಹಂಗೆ ಇಟ್ಟಿವ್ನಿ. ಅವಳು ನೋಡಿದ್ರೆ ತಟ್ಟೆ ಅಂಚಿಗೆ ತಳ್ಳಿ, ಮಜ್ಜಿಗೆ ಕಲೆಸ್ಕೊಂಡು ಉಂಡು ಎದ್ದು ಹೋಗ್ತಾಳೆ. ನೆನ್ನೆ ಸಿಟ್ಟು ಬಂತು, ಒಂದು ಮಾತು ಅಂದೆ. ಬೆಳಿಗ್ಗೆ ನೋಡ್ತೀನಿ, ಬಟ್ಟೆ ಚೀಲಕ್ಕೆ ತುಂಬ್ಕೊಂಡು ಕೂತವ್ಳೆ. ಅಣ್ಣನ ಮನೆಗೆ ಹೋಗ್ತಾಳಂತೆ. ಹೋದ್ರೆ ತಿರುಗಿ ಬರೋಳಲ್ಲ ಅವಳು. ಗೊತ್ತು ನನಗೆ.”

“ಏನಂದೆ ಅಂಥದ್ದು?”

“ಅಂಥದ್ದೇನಿಲ್ಲ. ‘ನಿನ್ನ ನಾಲಿಗೆ ಸತ್ತೋಗೈತೆ’ ಅಂದೆ.”

“ಬಹಳ ಚೆನ್ನಾಗಂದೆ. ಪಲ್ಯ ಹೆಂಗೆ ಮಾಡ್ದೆ? ಮುಚ್ಚಳ ಮುಚ್ಚಿದ್ಯಾ?”

“ಇಲ್ಲ ಗುರುವೇ. ಮುಚ್ಚಿದ್ರೆ ಒಳಗೇ ಬೆವತು ವಾಸನೆ ಹೊಡೆಯುತ್ತೆ ಅಂತ ನೀವೇ ಹೇಳಿದ್ರಲ್ಲ.”

“ಉಪ್ಪು?”

“ಇಳಿಸೋ ಮುಂಚೆ. ಮೊದಲೇ ಹಾಕಿದ್ರೆ ನೀರು ಬಿಟ್ಕೊಂಡು ಮೆತ್ತಗಾಗುತ್ತೆ. ಆಮೇಲೆ ಒಂದು ಹಿಡಿ ಕಾಯಿತುರಿ, ಅರ್ಧ ಹೋಳು ನಿಂಬೆಹುಳಿ.”

ಒಂದೂ ತಪ್ಪಿಲ್ಲ. ನನ್ನ ಕೈಲಿ ಕಲ್ತೋನು ಪಲ್ಯ ಕೆಡಿಸಲ್ಲ. ಅಂದ ಮೇಲೆ ಕೆಟ್ಟಿರೋದು ಪಲ್ಯ ಅಲ್ಲ.

“ಕೂತ್ಕೋ,” ಅಂದೆ. “ಒಂದು ಕತೆ ಹೇಳ್ತೀನಿ. ಬಾಯಿ ಮುಚ್ಕೊಂಡು ಕೇಳು.”

ಒಬ್ಬ ರೈತ ಇದ್ದ. ಅವನಿಗೊಬ್ಬ ತಮ್ಮ. ಇಬ್ರಿಗೂ ಮದ್ವೆ ಆಗಿತ್ತು. ಒಂದೇ ಮನೆ, ಒಂದೇ ಹೊಲ, ಒಂದೇ ಒಲೆ.

ಒಲೆ ಮುಂದೆ ಕೂರೋಳು ದೊಡ್ಡೋಳು, ಅಂದ್ರೆ ರೈತನ ಹೆಂಡ್ತಿ. ತಮ್ಮನ ಹೆಂಡ್ತಿ ಚಿಕ್ಕೋಳು. ಅವಳು ಹೆಚ್ಚಿಕೊಡ್ಬೇಕು, ರುಬ್ಬಿಕೊಡ್ಬೇಕು, ಪಾತ್ರೆ ತೊಳೀಬೇಕು. ಆ ಕಡೆ ಅದೇ ರೂಢಿ. ಮೊದಲು ಬಂದ ಸೊಸೆಗೆ ಒಲೆ, ಆಮೇಲೆ ಬಂದೋಳಿಗೆ ಈಳಿಗೆಮಣೆ. ಇದನ್ನ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಬೇಡ ಅಂತ ಯಾರೂ ಎದ್ದು ಹೇಳಿದ್ದೂ ಇಲ್ಲ.

ಆ ವರ್ಷ ಹೊಲಕ್ಕೆ ಎಲೆಕೋಸು ಹಾಕಿದ್ರು. ಕುಯ್ಯೋ ಹೊತ್ತಿಗೆ ಮಳೆ ಬಂತು. ಬಲಿತ ಕೋಸು ಮಳೆ ನೀರು ಕುಡಿದ್ರೆ ತಲೆ ಸೀಳ್ಕೊಳ್ಳುತ್ತೆ. ಸೀಳಿದ ಕೋಸನ್ನ ಸಂತೇಲಿ ಯಾರೂ ಮೂಸಲ್ಲ. ಎಲ್ಲಾ ಮನೆಗೆ ಬಂತು. ಹಸುಗೂ ಕೋಸು, ಮನುಷ್ಯರಿಗೂ ಕೋಸು.

ದೊಡ್ಡೋಳದು ಒಳ್ಳೆ ಕೈ. ಸಾಸಿವೆ ಉದ್ದಿನಬೇಳೆ ಒಗ್ಗರಣೆ ಹಾಕಿ ಪಲ್ಯ ಮಾಡಿದ್ಲು. ಗಂಡಸರು ಎರಡೆರಡು ಸಲ ಹಾಕಿಸ್ಕೊಂಡ್ರು. ಚಿಕ್ಕೋಳು ತಟ್ಟೆ ಅಂಚಿಗೆ ತಳ್ಳಿದ್ಲು. ಮಾರನೇ ದಿನಾನೂ ತಳ್ಳಿದ್ಲು. ಏನಮ್ಮ ಅಂತ ಕೇಳಿದ್ರೆ ‘ಏನಿಲ್ಲ’ ಅಂದ್ಲು.

ಒಂದು ದಿನ ತಮ್ಮ ಬಾವಿ ಹತ್ರ ನಿಂತು ನೆಲ ನೋಡ್ತಾ ಅಂದ, “ಅಣ್ಣ, ನಾವು ಬೇರೆ ಒಲೆ ಹಾಕ್ಕೊಳ್ತೀವಿ. ಇವಳಿಗೆ ಇಲ್ಲಿ ಊಟ ಸೇರ್ತಿಲ್ಲ.”

ಬೇರೆ ಒಲೆ ಅಂದ್ರೆ ಏನು ಅಂತ ಆ ರೈತನಿಗೆ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ. ಇವತ್ತು ಬೇರೆ ಒಲೆ. ನಾಳೆ ನಡುಮನೇಲಿ ಒಂದು ಗೋಡೆ. ನಾಡಿದ್ದು ಹೊಲದ ಮಧ್ಯ ಒಂದು ಬದು.

ಮನೆಗೆ ಬಂದು ಹೆಂಡ್ತಿ ಮೇಲೆ ಹಾರಾಡಿದ. “ಒಂದು ಕೋಸು ಬಾಯಿಗೆ ಹತ್ತೋ ಹಂಗೆ ಮಾಡಕ್ಕಾಗಲ್ವೇನೇ ನಿನಗೆ? ಮನೆ ಒಡೀತೈತೆ ಇಲ್ಲಿ!”

“ನೀವು ತಟ್ಟೆ ನೆಕ್ಕಿದ್ರಲ್ಲ, ಆಗ ಬಾಯಿಗೆ ಹತ್ತಲಿಲ್ವಾ?” ಅಂದ್ಲು ದೊಡ್ಡೋಳು.

ಅಂದ್ಲೇ ಹೊರತು ಅವಳಿಗೂ ದಿಗಿಲಾಯ್ತು. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಮೈದುನ ಇನ್ನೂ ಅಂಗಿ ಗುಂಡಿ ಹಾಕ್ಕೊಳ್ಳಕ್ಕೂ ಬರದ ಹುಡುಗ. ತಾಯಿ ಇಲ್ಲದೋನು. ತುತ್ತು ಮಾಡಿ ತಿನ್ಸಿ ಬೆಳೆಸಿದ್ಲು. ಅವನು ಗೋಡೆ ಆಚೆ ಕೂತು ಉಣ್ತಾನೆ ಅನ್ನೋದು ಅವಳಿಗೆ ಗಂಟಲಲ್ಲಿ ಇಳೀಲಿಲ್ಲ.

ಕೋಸು ಸರಿಹೋದ್ರೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡ್ಲು. ಸೆರಗು ಕಟ್ಟಿ ನಿಂತ್ಲು. ಕಡ್ಲೆಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿಸಿ, ಕೋಸು ಸಣ್ಣಗೆ ಹೆಚ್ಚಿಸ್ಕೊಂಡು ಕಲೆಸಿ ವಡೆ ಕರಿದ್ಲು.

“ವಡೆಗೆ ಸೋಂಪು ಹಾಕಿದ್ಲಾ ಗುರುವೇ?” ಅಂದ ಗವಿರಂಗ.

“ಬಾಯಿ ಮುಚ್ಚು ಅಂದೆ ನಾನು.”

ಹೆಸರುಬೇಳೆ ನೆನೆಸಿ ಉದುರಿಸಿ ಪಲ್ಯ ಮಾಡಿದ್ಲು. ಬೇಳೆ ಬೆಂದಿರ್ಬೇಕು, ಒಡೆದಿರ್ಬಾರ್ದು, ಹಂಗೆ. ಅಕ್ಕಿಹಿಟ್ಟಿಗೆ ಕೋಸು, ಈರುಳ್ಳಿ, ಸಬ್ಬಸಿಗೆ ಸೇರಿಸಿ ರೊಟ್ಟಿ ತಟ್ಟಿದ್ಲು. ಅವರೆಕಾಳಿನ ಜೊತೆ ಹುಳಿ ಮಾಡಿದ್ಲು. ಬಿಸಿನೀರಲ್ಲಿ ಒಂದು ಕುದಿ ಬಾಡಿಸಿ, ಹಿಂಡಿ, ಮೊಸರಿಗೆ ಹಾಕಿ ಪಚಡಿ ಮಾಡಿದ್ಲು. ಒಂದೊಂದೂ ಚೆನ್ನಾಗಿತ್ತು. ನಾನು ಮಾಡಿದಂಗೆ ಅನ್ನಲ್ಲ, ಆದ್ರೂ ಚೆನ್ನಾಗಿತ್ತು.

ಅಷ್ಟಕ್ಕೂ ಹೆಚ್ಚಿಕೊಟ್ಟೋಳು ಚಿಕ್ಕೋಳು. ರುಬ್ಬಿಕೊಟ್ಟೋಳೂ ಅವಳೇ. ತಟ್ಟೆ ಅಂಚಿಗೆ ತಳ್ಳಿದೋಳೂ ಅವಳೇ.

“ಅಮಾಸೆ ಕಳೀಲಿ, ಒಲೆ ಹಾಕ್ತೀವಿ,” ಅಂದ ತಮ್ಮ.

ಹಿಂಗಿರುವಾಗ ಒಂದು ಮಧ್ಯಾಹ್ನ ಪಕ್ಕದ ಮನೆ ಹುಡುಗಿಗೆ ಹೆರಿಗೆ ನೋವು ಶುರುವಾಯ್ತು. ದೊಡ್ಡೋಳನ್ನ ಕರೆದ್ರು. ಅವಳು ಆಗ ತಾನೆ ರೊಟ್ಟಿ ತಟ್ಟಿ ಮುಗಿಸಿ, ಒಗ್ಗರಣೆಗೆ ಕೋಸು ಸುರಿದಿದ್ಲು. ಎದ್ದು ಓಡ್ತಾ ಕೂಗಿದ್ಲು, “ಬೆಂದ ಮೇಲೆ ಇಳ್ಸೇ! ನೀನೇನೂ ಮಾಡಕ್ಕೆ ಹೋಗ್ಬೇಡ, ಬರೀ ಇಳ್ಸು!”

ಅವಳು ವಾಪಸ್ ಬರೋ ಹೊತ್ತಿಗೆ ದೀಪ ಹಚ್ಚಿದ್ರು. ಅಣ್ಣ ತಮ್ಮ ಊಟಕ್ಕೆ ಕೂತಿದ್ರು. ಬಡಿಸ್ತಾ ಇದ್ದೋಳು ಚಿಕ್ಕೋಳು. ಮನೆ ತುಂಬ ಬೆಳ್ಳುಳ್ಳಿ ಘಮ. ದೊಡ್ಡೋಳು ಬೆಳ್ಳುಳ್ಳಿ ಹಾಕಿರ್ಲಿಲ್ಲ. ಪಲ್ಯ ನೋಡಿದ್ಲು. ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಕಡ್ಲೆಕಾಯಿ ಬೀಜ ಹುರಿದು ಕುಟ್ಟಿ ಉದುರಿಸಿದ್ಲು ಚಿಕ್ಕೋಳು. ಅವಳ ತವರಲ್ಲಿ ಹಂಗೆ ಮಾಡ್ತಾರಂತೆ.

ದೊಡ್ಡೋಳು ಕೈಕಾಲು ತೊಳೆದು ಬಂದು ಗಂಡನ ಪಕ್ಕ ಕೂತ್ಲು. ಒಂದು ತುತ್ತು ಬಾಯಿಗಿಟ್ಲು.

ಉಪ್ಪು. ಸುಮ್ನೆ ಉಪ್ಪಲ್ಲ. ನಾಲಿಗೆ ಸುಟ್ಟೋಗೋ ಉಪ್ಪು.

ಯಾಕೆ ಹಂಗಾಯ್ತು ಅಂತ ಅವಳಿಗೆ ಆಗಲೇ ಗೊತ್ತಾಯ್ತು. ಒಲೆ ಮುಂದೆ ಕೂತೋಳಿಗೆ ಗೊತ್ತಾಗದೆ ಇರುತ್ತಾ? ಹೆಚ್ಚಿದ ಕೋಸು ಮೊರದ ತುಂಬ ಕಾಣುತ್ತೆ, ಬೆಂದ್ರೆ ಬಾಣಲೆ ತಳಕ್ಕೆ ಇಳಿಯುತ್ತೆ. ಚಿಕ್ಕೋಳು ಅಷ್ಟು ದಿನ ನೋಡಿದ್ದು ಮೊರ ಮಾತ್ರ. ಬಾಣಲೆ ಒಳಗೆ ಅದು ಹೆಂಗೆ ಕುಗ್ಗುತ್ತೆ ಅಂತ ಅವಳಿಗೆ ನೋಡಕ್ಕೆ ಬಿಟ್ಟೋರು ಯಾರು? ಮೊರದ ಲೆಕ್ಕಕ್ಕೆ ಉಪ್ಪು ಹಾಕಿದ್ಲು.

ರೈತನ ಕಣ್ಣು ಅಗಲ ಆಯ್ತು. “ಏನೇ ಇದು, ಇಷ್ಟೊಂದು ಉ...”

“ಬಾಯಲ್ಲಿ ತುತ್ತಿಟ್ಕೊಂಡು ಮಾತಾಡಬೇಡಿ,” ಅಂದ್ಲು ದೊಡ್ಡೋಳು.

ತಲೆ ಎತ್ತಿ ನೋಡಿದ್ಲು. ಚಿಕ್ಕೋಳು ಸೌಟು ಹಿಡ್ಕೊಂಡು ನಿಂತಿದ್ಲು. ಗಂಡನ ಮುಖ ನೋಡ್ತಿರ್ಲಿಲ್ಲ, ಭಾವನ ಮುಖಾನೂ ನೋಡ್ತಿರ್ಲಿಲ್ಲ. ದೊಡ್ಡೋಳ ಮುಖಾನೇ ನೋಡ್ತಿದ್ಲು. ಆ ಮನೆಗೆ ಬಂದಾಗಿಂದ ಅವಳು ಮಾಡಿದ್ದನ್ನ ಯಾರೂ ಉಂಡಿರ್ಲಿಲ್ಲ. ಉಂಡಿದ್ದು ಅವತ್ತೇ ಮೊದ್ಲು.

ದೊಡ್ಡೋಳು ಬಾಯಲ್ಲಿದ್ದಿದ್ದು ನುಂಗಿದ್ಲು. ತಟ್ಟೆ ಮುಂದಕ್ಕೆ ತಳ್ಳಿದ್ಲು.

“ತಂಗಿ, ಇನ್ನೊಂದು ಸೌಟು ಹಾಕು.”

ಹಾಕಿದ್ಲು. ದೊಡ್ಡೋಳು ಉಂಡ್ಲು. ಒಂದು ಚೊಂಬು ನೀರು ಕುಡಿದ್ಲು, ಮತ್ತೆ ಉಂಡ್ಲು. ಗಂಡಸರು ಹೆದರ್ಕೊಂಡು ತಾವೂ ಉಂಡ್ರು.

ಎಲ್ಲಾ ಎದ್ದ ಮೇಲೆ ಚಿಕ್ಕೋಳು ತಟ್ಟೆ ಹಾಕ್ಕೊಂಡ್ಲು. ಮೊದಲ ತುತ್ತಿಗೇ ನಿಂತೋದ್ಲು.

“ಅಕ್ಕ! ಉಪ್ಪು!”

“ಹೌದಾ? ನನಗೇನೂ ಗೊತ್ತಾಗ್ಲಿಲ್ಲಪ್ಪ.”

“ಸುಳ್ಳು ಹೇಳ್ಬೇಡಿ ಅಕ್ಕ. ಕೊಡ ಖಾಲಿ ಮಾಡಿದ್ದೀರಿ.”

ಇಬ್ರೂ ನಕ್ಕುಬಿಟ್ರು. ನಗ್ತಾ ನಗ್ತಾ ಚಿಕ್ಕೋಳು ಅತ್ಲು. ದೊಡ್ಡೋಳು ಸೌಟು ತೊಳೆದು ಗೋಡೆಗೆ ಒರಗಿಸಿ ಇಟ್ಟು ಅಂದ್ಲು, “ನಾಳೆ ಬಾಣಲೆ ನೋಡಿ ಹಾಕು. ಮೊರ ನೋಡಿ ಹಾಕ್ಬೇಡ.”

ಉಪ್ಪಿನ ಮಾತು ಚಿಕ್ಕೋಳ ಕಿವಿಗೆ ಬಿತ್ತೋ ಇಲ್ವೋ. ‘ನಾಳೆ’ ಅಂದಿದ್ದು ಬಿತ್ತು. ತಟ್ಟೆ ಹತ್ರ ಎಳ್ಕೊಂಡ್ಲು. ಆ ಉಪ್ಪುಪ್ಪು ಪಲ್ಯಾನ ಒಂದು ಎಸಳು ಬಿಡದೆ ತಿಂದ್ಲು.

ಅಮಾಸೆ ಬಂತು, ಹೋಯ್ತು. ಬೇರೆ ಒಲೆ ಮಾತು ಆ ಮನೇಲಿ ಮತ್ತೆ ಏಳಲಿಲ್ಲ.

ಇಷ್ಟು ಹೇಳಿ ನಾನು ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡೆ.

ಗವಿರಂಗ ತೊಡೆ ತಟ್ಕೊಂಡು ಎದ್ದ. ಮುಖ ಅರಳಿತ್ತು. “ಸಿಕ್ತು ಬಿಡಿ ಗುರುವೇ! ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ ಹಾಕ್ಬೇಕು, ಮೇಲೆ ಕಡ್ಲೆಕಾಯಿ ಬೀಜದ ಪುಡಿ. ಅಷ್ಟೇ ತಾನೆ? ಈಗಲೇ ಹೋಗಿ ಮಾಡಿ ಹಾಕ್ತೀನಿ. ಉಪ್ಪಂತೂ ನನ್ನ ಕೈಲಿ ಒಂದು ಹರಳು ಹೆಚ್ಚಿಗೆ ಬೀಳಲ್ಲ, ನಿಮಗೇ ಗೊತ್ತಲ್ಲ.”

ಮೆಟ್ಟು ಹಾಕ್ಕೊಂಡು ಹೊಸ್ತಿಲು ದಾಟಿದ. ನಾನು ಕೂತಲ್ಲಿಂದಲೇ ಕೂಗಿದೆ. ನಿಂತ. ನಾನು ಕೇಳಿದ್ದು ಒಂದೇ ಮಾತು.

“ಗವಿರಂಗ, ನಿನ್ನ ಹೆಂಡ್ತಿ ಕೈಲಿ ಕೊನೇ ಸಲ ಉಪ್ಪು ಜಾಸ್ತಿ ಆಗಿದ್ದು ಯಾವಾಗ, ಹೇಳು?”