ಕಂಬದ ಬುಡದ ಕೊಡೆ

"ಒಂದು ಊರನ್ನು ಕಾಯಲು ಎಷ್ಟು ಕಣ್ಣು ಬೇಕು, ಬುದ್ಧಿ?" ಎಂದು ಮರುಳಪ್ಪ ಮಠದ ಗುರುಗಳನ್ನು ಕೇಳಿದ.

ಮರುಳಪ್ಪ ಪುರಸಭೆಯ ಮುಖ್ಯಾಧಿಕಾರಿ. ಊರಿನ ಹಳೆಯ ಕ್ಯಾಮೆರಾಗಳನ್ನು ಕಿತ್ತು ಹೊಸವನ್ನು ಹಾಕಿಸುವ ಕೆಲಸ ಅವನ ಹೆಗಲ ಮೇಲಿತ್ತು. ಹೋದ ತಿಂಗಳು ಸಂತೆ ಬೀದಿಯಲ್ಲಿ ಒಬ್ಬ ಅಜ್ಜಿಯ ಕೊರಳಿನ ಸರ ಹೋಗಿತ್ತು. ಹಳೆಯ ಕ್ಯಾಮೆರಾದಲ್ಲಿ ಕಂಡದ್ದು ಬರೀ ಮಸುಕು. ಅಜ್ಜಿ ಕಚೇರಿಗೆ ಬಂದು ಅತ್ತದ್ದನ್ನು ಅವನಿಗೆ ಮರೆಯಲಾಗಿರಲಿಲ್ಲ. ಹೊಸ ಕ್ಯಾಮೆರಾ ಬಂದರೆ ಕಳ್ಳನ ಮುಖ ಕಾಣುತ್ತದೆ. ಆದರೆ ಅದಕ್ಕೆ ಅಡ್ಡ ಬರುವ ಚಪ್ಪರ, ಗೂಡಂಗಡಿಗಳನ್ನು ತೆಗೆಸಬೇಕು. ಅವುಗಳ ಪಟ್ಟಿ ಮೂರು ದಿನದಿಂದ ಅವನ ಜೇಬಿನಲ್ಲಿತ್ತು. ನಾಳೆ ಸಹಿ ಬಿದ್ದರೆ ಹನ್ನೊಂದು ಜನ ಕೂತ ಜಾಗ ಬಿಟ್ಟು ಏಳಬೇಕು.

ಇದನ್ನೆಲ್ಲ ಹೇಳಿ ಅವನು ಪಟ್ಟಿಯನ್ನು ಗುರುಗಳ ಮುಂದೆ ಇಟ್ಟ. ಗುರುಗಳು ಅದನ್ನು ಓದಲಿಲ್ಲ. ಮಡಿಸಿ ಪಕ್ಕಕ್ಕೆ ಇಟ್ಟುಕೊಂಡರು.

"ಕ್ಯಾಮೆರಾ ಹಾಕಿಸಪ್ಪ, ಬೇಡ ಅನ್ನುವುದಿಲ್ಲ. ಆ ತಾಯಿಯ ಕಣ್ಣೀರಿಗೆ ಯಾರಾದರೂ ಉತ್ತರ ಹೇಳಬೇಕಲ್ಲ. ಈಗ ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದು ಊರು. ಆ ಊರಿನ ಬಸ್ ನಿಲ್ದಾಣದ ಎದುರು ಒಂದು ಕಂಬ. ಕಂಬದ ಮೇಲೆ ಕ್ಯಾಮೆರಾ, ಬುಡದಲ್ಲಿ ಒಬ್ಬ ಕೊಡೆ ರಿಪೇರಿಯವನು. ಮುರಿದ ಕಡ್ಡಿ ಕಟ್ಟುವುದು, ಹರಿದ ಬಟ್ಟೆ ಹೊಲಿಯುವುದು, ಇಷ್ಟೇ ಅವನ ಬದುಕು. ಬಿಸಿಲಿಗೆಂದು ತನ್ನ ತಲೆಯ ಮೇಲೆ ಒಂದು ದೊಡ್ಡ ಕೊಡೆ ಕಟ್ಟಿಕೊಂಡಿದ್ದ.

ಕ್ಯಾಮೆರಾ ಹಾಕಿದ ದಿನ ಪುರಸಭೆಯವರು ಆಟೋಕ್ಕೆ ಮೈಕ್ ಕಟ್ಟಿ ಊರೆಲ್ಲ ಸಾರಿದರು. "ಇನ್ನು ಮೇಲೆ ನಿಮ್ಮನ್ನೂ ನಿಮ್ಮ ಸಾಮಾನನ್ನೂ ಕ್ಯಾಮೆರಾ ನೋಡಿಕೊಳ್ಳುತ್ತದೆ, ಚಿಂತೆ ಬೇಡ" ಎಂದರು. ಜನ ಎಂಥವರು ನೋಡು, ನಂಬಿಯೇ ಬಿಟ್ಟರು! ಹಳ್ಳಿಯಿಂದ ಬಂದವರು ಚೀಲವನ್ನು ಕಂಬದ ಬುಡದಲ್ಲಿ ಇಡುವುದು, ತಲೆ ಎತ್ತಿ ಕ್ಯಾಮೆರಾಕ್ಕೆ ಕೈ ಮುಗಿಯುವುದು, "ಸ್ವಲ್ಪ ನೋಡ್ಕೊಳ್ಳಪ್ಪ, ಈಗ ಬಂದೆ" ಎಂದು ತಾಲ್ಲೂಕು ಕಚೇರಿಗೋ ಆಸ್ಪತ್ರೆಗೋ ಹೋಗುವುದು. ಅದೇ ರೂಢಿಯಾಯಿತು. ನಗಬೇಡ ಮರುಳಪ್ಪ. ಕಚೇರಿಯ ಕಂಪ್ಯೂಟರಿಗೆ ನೀನು ಕುಂಕುಮ ಹಚ್ಚಿ ಹೂವು ಮುಡಿಸಿದ್ದು ನನಗೂ ಗೊತ್ತು.

ಕೊಡೆಯವನು ಸದಾ ಕೆಲಸದ ಮೇಲೆ ಬಗ್ಗಿದವನು, ಮೈಕಿನ ಮಾತಿಗೆ ಕಿವಿ ಕೊಟ್ಟವನಲ್ಲ. ಮೇಲಿನದೇನೂ ಕಾಣದಂತೆ ದೊಡ್ಡ ಕೊಡೆ ಬೇರೆ. ಅವನ ಕಣ್ಣಿಗೆ ಬೀಳುತ್ತಿದ್ದದ್ದು ಬಂದವರ ಕಾಲು ಮತ್ತು ಅವರು ಇಟ್ಟ ಚೀಲ. ಕಿವಿಗೆ ಬೀಳುತ್ತಿದ್ದದ್ದು "ನೋಡ್ಕೊಳ್ಳಪ್ಪ" ಎಂಬ ಮಾತು. ಪಾಪ, ಅದನ್ನು ತನಗೇ ಹೇಳುತ್ತಿದ್ದಾರೆಂದು ತಿಳಿದ.

ಮೊದಲ ದಿನ ಅವನಿಗೆ ಆಶ್ಚರ್ಯವಾಯಿತು. ಆಮೇಲೆ ಎದೆ ತುಂಬಿ ಬಂತು. ಗುರುತು ಪರಿಚಯ ಇಲ್ಲದವರು ತನ್ನನ್ನು ಇಷ್ಟು ನಂಬುತ್ತಾರಲ್ಲ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವುದನ್ನು ಬಿಟ್ಟು ಬುತ್ತಿ ತರತೊಡಗಿದ. ಮಳೆ ಬಂದರೆ ಚೀಲಗಳನ್ನು ಕೊಡೆಯೊಳಗೆ ಎಳೆದುಕೊಂಡು ತಾನು ತೋಯುತ್ತಿದ್ದ. ಕಾಲು ಕಟ್ಟಿದ ಕೋಳಿ ಇದ್ದರೆ ಅದಕ್ಕೆ ನೀರು ಕುಡಿಸುತ್ತಿದ್ದ. ಯಾರಾದರೂ ಬೇರೆಯವರ ಚೀಲಕ್ಕೆ ಕೈ ಹಾಕಿದರೆ, "ಏಯ್, ಅದು ಬೆಳ್ಳಿ ಕಾಲುಂಗುರದ ಅಮ್ಮನದು, ಇಡು ಕೆಳಗೆ!" ಎಂದು ಗದರುತ್ತಿದ್ದ. ಒಬ್ಬರ ಮುಖವನ್ನೂ ನೋಡಿದವನಲ್ಲ, ಕಾಲಿನ ಗುರುತು ಮಾತ್ರ ತಪ್ಪುತ್ತಿರಲಿಲ್ಲ.

ಆರು ವರ್ಷ ಹೀಗೆ ನಡೆಯಿತು. ಆ ಕಂಬದ ಬುಡದಲ್ಲಿ ಒಂದು ಕೈಚೀಲವೂ ಕಾಣೆಯಾಗಲಿಲ್ಲ. ಪುರಸಭೆಯವರು ಸಭೆ ಸೇರಿದಾಗಲೆಲ್ಲ ಕ್ಯಾಮೆರಾವನ್ನು ಹೊಗಳಿದರು. ಇನ್ನೂ ಒಳ್ಳೆಯ ಕ್ಯಾಮೆರಾ ತರಿಸೋಣ ಎಂದು ತೀರ್ಮಾನಿಸಿದರು.

ಹೊಸದು ಬಂತು. ಹಳೆಯದನ್ನು ಬಿಚ್ಚಲು ಏಣಿ ಹತ್ತಿದ ಕೆಲಸಗಾರ ಮೇಲಿನಿಂದಲೇ ಗೊಳ್ಳೆಂದು ನಕ್ಕ. ಆರು ವರ್ಷದಿಂದ ಆ ಕ್ಯಾಮೆರಾಕ್ಕೆ ಯಾರೂ ತಂತಿಯನ್ನೇ ಜೋಡಿಸಿರಲಿಲ್ಲ!

ಕೆಳಗೆ ಅಧಿಕಾರಿ ನಿಂತಿದ್ದ. ಅವನಿಗೆ ನಗು ಬರಲಿಲ್ಲ. ಕೆಟ್ಟವನೇನಲ್ಲ ಅವನು. ಊರಿಗೆ ಒಳ್ಳೆಯದಾಗಲಿ ಎಂದೇ ಓಡಾಡಿದವನು. ಅವನ ಒಂದು ಕೈಯಲ್ಲಿ ಜಾಗ ಬಿಡಿಸುವ ಆದೇಶವಿತ್ತು, ಇನ್ನೊಂದರಲ್ಲಿ ಪೆನ್ನು. ಹೊಸ ಕ್ಯಾಮೆರಾಕ್ಕೆ ಆ ದೊಡ್ಡ ಕೊಡೆ ಅಡ್ಡವಾಗುತ್ತಿತ್ತು.

"ನೀನು ಇಲ್ಲಿಂದ ಏಳಬೇಕಾಗುತ್ತಪ್ಪ" ಎಂದು ಮೆಲ್ಲಗೆ ಹೇಳಿದ.

ಕೊಡೆಯವನು ಜಗಳ ಆಡಲಿಲ್ಲ. ದಾರ, ಸೂಜಿ, ಕಡ್ಡಿಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿದ. ಡಬ್ಬಿ ಮುಚ್ಚಿದ. ಆಮೇಲೆ ಬದಿಯಲ್ಲಿದ್ದ ಎರಡು ಚೀಲಗಳನ್ನು ತೋರಿಸಿದ.

"ಸಾರ್, ಇವನ್ನು ಯಾರಿಗೆ ಒಪ್ಪಿಸಲಿ? ಇದು ಹಸಿರು ಹವಾಯಿ ಚಪ್ಪಲಿಯವರದು. ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಬರುವುದು ತಡ. ಒಳಗೆ ಗಂಜಿಯ ಡಬ್ಬಿ ಇದೆ, ಮಗುಚಬಾರದು."

ಅಧಿಕಾರಿ ಚೀಲಗಳನ್ನು ನೋಡಿದ. ಏಣಿಯ ಮೇಲಿದ್ದವನೇ ಹೊಸ ಕ್ಯಾಮೆರಾವನ್ನು ತಟ್ಟಿ, "ಇನ್ಮೇಲೆ ಇದು ನೋಡ್ಕೊಳ್ಳುತ್ತೆ ಬಿಡಪ್ಪ" ಎಂದ.

ಕೊಡೆಯವನು ಕೊಡೆಯಿಂದ ಹೊರಗೆ ಬಂದು, ಆರು ವರ್ಷದಲ್ಲಿ ಮೊದಲ ಸಲ ಕಂಬದ ಮೇಲೆ ನೋಡಿದ. ಅವನಿಗೆ ಸಮಾಧಾನವಾದಂತೆ ಕಂಡಿತು. ಹೊಸದಾಗಿ ಕೆಲಸಕ್ಕೆ ಬಂದವನಿಗೆ ಹಳಬ ಎಲ್ಲ ತಿಳಿಸಿ ಹೋಗುತ್ತಾನಲ್ಲ, ಅಷ್ಟೇ ಕಾಳಜಿಯಿಂದ ಕೇಳಿದ.

"ಮಳೆ ಬಂದರೆ ಚೀಲ ಒಳಗೆ ಎಳೆದುಕೊಳ್ಳಬೇಕು. ಅದಕ್ಕೆ ಹೇಳಿದ್ದೀರಲ್ಲ, ಸಾರ್?"

ಗುರುಗಳು ಅಲ್ಲಿಗೆ ನಿಲ್ಲಿಸಿ ತಂಬಿಗೆಯ ನೀರು ಕುಡಿದರು. ಮರುಳಪ್ಪ ಕಾದ. ಪಟ್ಟಿಯಲ್ಲಿದ್ದ ಹನ್ನೊಂದು ಹೆಸರುಗಳಲ್ಲಿ ಒಬ್ಬರ ಮುಖವೂ ಅವನಿಗೆ ನೆನಪಿಗೆ ಬರಲಿಲ್ಲ. ಕೊನೆಗೆ ಅವನೇ ಕೇಳಿದ.

"ಆ ಅಧಿಕಾರಿ ಸಹಿ ಹಾಕಿದನೇ, ಬುದ್ಧಿ?"

ಗುರುಗಳು ಮಡಿಸಿದ ಪಟ್ಟಿಯನ್ನು ಅವನ ಕಡೆಗೆ ಸರಿಸಿದರು.

"ನನಗೇನು ಗೊತ್ತಪ್ಪ, ಅವನಿನ್ನೂ ನನ್ನೆದುರಿಗೇ ಕೂತಿದ್ದಾನೆ."